ಟಿಬಿಲಿಸಿಯ ಒಣ ಸೇತುವೆಯಿಂದ ಮೈಸೂರಿನ ಗೋಡೆಗೆ: ಸೋವಿಯತ್ ಕಾಲದ ಜಾರ್ಜಿಯನ್ ಸಿನಿಮಾ ಪೋಸ್ಟರ್‌ಗಳು

ನಮ್ಮ ಮನೆಯ ಹಜಾರ, ಊಟದ ಕೋಣೆ ಮತ್ತು ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಎರಡು ವರ್ಷಗಳಿಂದ ಮೂರು ಸಿನಿಮಾ ಪೋಸ್ಟರ್‌ಗಳಿವೆ. ಮೂರೂ ಜಾರ್ಜಿಯಾ ದೇಶದವು, ಅದು ಸೋವಿಯತ್ ಒಕ್ಕೂಟದ ಒಂದು ಗಣರಾಜ್ಯವಾಗಿದ್ದ ಕಾಲದವು. ಎರಡು ಮೂಲಪ್ರತಿಗಳು, ಒಂದು ಮರುಮುದ್ರಣ. ಮನೆಗೆ ಬಂದವರು ಮೊದಲು ನೋಡುವುದು ಇವುಗಳನ್ನೇ, ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ: ಎಲ್ಲಿ ಸಿಕ್ಕಿತು, ಎಷ್ಟಾಯಿತು, ಅಸಲಿಯೇ, ನಮ್ಮ ಮಳೆಗಾಲಕ್ಕೆ ತಡೆಯುತ್ತದೆಯೇ? ಗೋಡೆಯ ಅಲಂಕಾರಕ್ಕೆಂದು ಇಂಥ ಪೋಸ್ಟರ್ ಕೊಳ್ಳಬಯಸುವವರಿಗೆ ಆ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: 1960ರಿಂದ 1980ರ ದಶಕದವರೆಗಿನವುಗಳಲ್ಲಿ ಮಡಿಕೆ ಬಿದ್ದು ಅಂಚು ಹರಿದಿದ್ದರೂ ಮೂಲಪ್ರತಿಯನ್ನೇ ಕೊಳ್ಳಬೇಕು; 1920ರ ದಶಕದವುಗಳಲ್ಲಿ ಯಾವ ಸಂಕೋಚವೂ ಇಲ್ಲದೆ ಒಳ್ಳೆಯ ಮರುಮುದ್ರಣವನ್ನು ಕೊಳ್ಳಬೇಕು.

ನನ್ನ ತಂಗಿಯ ಮಗ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಅಲ್ಲಿ ಭಾರತದ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ, ಕರ್ನಾಟಕದವರೂ ಕಡಿಮೆಯಿಲ್ಲ. ಅವನನ್ನು ನೋಡಲು ಹೋದಾಗ ನಗರದ ಮುಖ್ಯ ಬೀದಿಯಾದ ರುಸ್ತವೇಲಿಯಿಂದ ಇಳಿಜಾರಿನಲ್ಲಿ ನಡೆದು ಒಣ ಸೇತುವೆಯ ಸಂತೆಗೆ ಹೋದೆವು. ಜಾರ್ಜಿಯನ್ ಭಾಷೆಯಲ್ಲಿ ಅದರ ಹೆಸರು ಮ್ಶ್ರಾಲಿ ಖಿದಿ. ಮ್ತ್ಕ್ವಾರಿ ನದಿಯ ಒಂದು ಕವಲನ್ನು ದಾಟಲು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಸೇತುವೆ ಅದು. ಕವಲು ಈಗ ಇಲ್ಲ, ಸೇತುವೆ ಉಳಿದಿದೆ, ಅದರ ಅಡಿಯಲ್ಲಿ ವಾಹನಗಳು ಹರಿಯುತ್ತವೆ. ಸೋವಿಯತ್ ಒಕ್ಕೂಟ ಒಡೆದು ಸಂಬಳ ನಿಂತು ಕರೆಂಟೂ ಇಲ್ಲದಿದ್ದ 1990ರ ದಶಕದಲ್ಲಿ ಟಿಬಿಲಿಸಿಯ ಜನ ಮನೆಯ ಪಿಂಗಾಣಿ, ಪದಕ, ಕ್ಯಾಮೆರಾ, ಸಮೋವರ್, ಪುಸ್ತಕಗಳನ್ನು ತಂದು ಇಲ್ಲಿ ಬಟ್ಟೆ ಹಾಸಿ ಮಾರಲು ಕೂತರು. ಇಂದು ಅಲ್ಲಿ ಕೂರುವವರಲ್ಲಿ ವ್ಯಾಪಾರಿಗಳೇ ಹೆಚ್ಚು. ಆದರೂ ತನ್ನ ಮನೆಯ ವಸ್ತುವನ್ನೇ ಮಾರುತ್ತಿರುವ ಒಬ್ಬ ಮುದುಕಿಯೋ ಮುದುಕನೋ ಪ್ರತಿ ಸಾಲಿನಲ್ಲೂ ಕಾಣುತ್ತಾರೆ. ವಾರದ ಕೊನೆಯ ದಿನಗಳಲ್ಲಿ ಸಾಲುಗಳು ಉದ್ದವಾಗುತ್ತವೆ, ಮಳೆ ಬಂದರೆ ಕಾಗದದ ವಸ್ತುಗಳೆಲ್ಲ ಮಾಯವಾಗುತ್ತವೆ. ಪೋಸ್ಟರ್ ಹುಡುಕಿ ಹೋಗುವವರು ಬಿಸಿಲಿರುವ ಶನಿವಾರವನ್ನು ಆರಿಸಿಕೊಳ್ಳಬೇಕು.

ಪೋಸ್ಟರ್‌ಗಳನ್ನು ಅಲ್ಲಿ ಯಾರೂ ತೂಗುಹಾಕಿರುವುದಿಲ್ಲ. ನಾಲ್ಕು ಮಡಿಕೆ ಮಾಡಿ ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ಇಟ್ಟಿರುತ್ತಾರೆ, ಅಥವಾ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ನಿಲ್ಲಿಸಿರುತ್ತಾರೆ. “ಪ್ಲಾಕಾತಿ” ಎಂದು ಕೇಳಿದರೆ ಮೊದಲು ಹೊರಬರುವುದು ಕೆಂಪು ಬಾವುಟ, ಟ್ರ್ಯಾಕ್ಟರ್, ಮುಷ್ಟಿಗಳ ಘೋಷಣಾಪತ್ರಗಳು, ಏಕೆಂದರೆ ಪ್ರವಾಸಿಗರು ಕೇಳುವುದು ಅವನ್ನೇ. “ಕಿನೊ” ಎಂದು ಒತ್ತಿ ಹೇಳಬೇಕು. ನಮಗೆ ಪೋಸ್ಟರ್ ತೋರಿಸಿದ ಹಿರಿಯರು ಒಂದೊಂದನ್ನೂ ಕಾರಿನ ಬಾನೆಟ್ಟಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಸಣ್ಣ ಲೋಹದ ವಸ್ತುಗಳನ್ನಿಟ್ಟು, ತಾವು ಹಿಂದೆ ಸರಿದು ನಿಂತರು. ನಾನು ಸುಮಾರು ನಲವತ್ತು ಪೋಸ್ಟರ್ ನೋಡಿರಬೇಕು. ಅವರು ಒಮ್ಮೆಯೂ ಅವಸರಪಡಿಸಲಿಲ್ಲ. ನಾನು ಯಾವುದರ ಮುಂದೆ ಹೆಚ್ಚು ಹೊತ್ತು ನಿಂತೆನೋ ಅದರ ಕಥೆಯನ್ನು ರಷ್ಯನ್ ಭಾಷೆಯಲ್ಲಿ ಹೇಳುತ್ತಿದ್ದರು, ಹುಡುಗ ತನಗೆ ತಿಳಿದಷ್ಟನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ.

ಮೊದಲು ಕೊಂಡದ್ದು ರೆಜೊ ಚ್ಖೇಯಿದ್ಜೆ ನಿರ್ದೇಶಿಸಿದ 1964ರ “ಸೈನಿಕನ ತಂದೆ” ಚಿತ್ರದ ಪೋಸ್ಟರ್. ಎಂಬತ್ತು ಲಾರಿ (ಜಾರ್ಜಿಯಾದ ಹಣ), ಅಂದಿನ ದರದಲ್ಲಿ ಎರಡೂವರೆ ಸಾವಿರ ರೂಪಾಯಿಗೆ ಹತ್ತಿರ. ಚಿತ್ರದ ಕಥೆ ತಿಳಿಯದೆ ಈ ಪೋಸ್ಟರ್ ಅರ್ಧ ಮಾತ್ರ ಕಾಣುತ್ತದೆ. ಕಾಖೇತಿ ಸೀಮೆಯ ದ್ರಾಕ್ಷಿ ಬೆಳೆಯುವ ರೈತನೊಬ್ಬ, ಗಾಯಗೊಂಡು ಆಸ್ಪತ್ರೆಯಲ್ಲಿರುವ ಮಗನನ್ನು ನೋಡಲು ಹೊರಡುತ್ತಾನೆ. ಅವನು ತಲುಪುವ ಹೊತ್ತಿಗೆ ಮಗ ಮತ್ತೆ ರಣರಂಗಕ್ಕೆ ಹೋಗಿರುತ್ತಾನೆ. ಮಗನನ್ನು ಹುಡುಕುತ್ತ ಆ ಮುದುಕ ತಾನೇ ಸೈನ್ಯ ಸೇರಿ ಜರ್ಮನಿಯವರೆಗೆ ನಡೆಯುತ್ತಾನೆ. ದಾರಿಯಲ್ಲಿ ಶತ್ರು ದೇಶದ ದ್ರಾಕ್ಷಿ ತೋಟದ ಮೇಲೆ ತಮ್ಮದೇ ಸೈನ್ಯದ ಟ್ಯಾಂಕು ನುಗ್ಗುವಾಗ ಅದಕ್ಕೆ ಅಡ್ಡ ನಿಂತು ಬೈಯುವ ಅವನ ದೃಶ್ಯವನ್ನು ನೋಡಿದವರು ಮರೆಯಲಾರರು. ಆ ಪಾತ್ರ ಮಾಡಿದ ಸೆರ್ಗೊ ಜಕರಿಯಾದ್ಜೆಗೆ 1965ರ ಮಾಸ್ಕೋ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕಾಖೇತಿಯ ಗುರ್ಜಾನಿ ಊರಿನಲ್ಲಿ ಈ ತಂದೆಯ ದೊಡ್ಡ ಪ್ರತಿಮೆಯೇ ಇದೆ.

ನನ್ನ ಪ್ರತಿಯಲ್ಲಿರುವುದು ಆ ಮುಖ. ಫೋಟೊ ಅಲ್ಲ, ಕುಂಚದಿಂದ ಬರೆದದ್ದು. ಮೀಸೆಯ ಕೆಳಗೆ, ಕಣ್ಣಿನ ಗುಳಿಯಲ್ಲಿ ಬಣ್ಣವನ್ನು ಒಂದೇ ಬೀಸಿನಲ್ಲಿ ಎಳೆದು ಬಿಟ್ಟಿದ್ದಾರೆ; ಹತ್ತಿರ ಹೋದರೆ ಮುಖ ಚದುರಿ ಕಂದು, ಬೂದು, ಕಪ್ಪು ಗೆರೆಗಳಾಗುತ್ತದೆ, ಹತ್ತು ಹೆಜ್ಜೆ ಹಿಂದೆ ಸರಿದರೆ ಮತ್ತೆ ಮುದುಕ ಕೂಡಿಕೊಳ್ಳುತ್ತಾನೆ. ಬೀದಿಯ ಆಚೆ ಬದಿಯಿಂದ ನೋಡಲೆಂದೇ ಬರೆದ ಚಿತ್ರದ ಗುಣ ಅದು. ಮನೆಯ ಉದ್ದ ಹಜಾರದ ಕೊನೆಯ ಗೋಡೆಗೆ ಇಂಥದ್ದು ಹೊಂದುವಷ್ಟು ಬೇರೆ ಯಾವ ಪಟವೂ ಹೊಂದುವುದಿಲ್ಲ ಎಂಬುದು ನನ್ನ ಅನುಭವ. ಅಂಗಡಿಯಲ್ಲಿ ಸಿಗುವ ಅಲಂಕಾರದ ಪ್ರಿಂಟುಗಳು ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿ ಕಾಣಲೆಂದು ಮಾಡಿದವು. ದೂರದಿಂದ ಅವು ಮಂಕಾಗುತ್ತವೆ. ಈ ಮುಖ ದೂರವಾದಷ್ಟೂ ಗಟ್ಟಿಯಾಗುತ್ತದೆ.

ತಾರೆಯ ಸುಂದರ ಮುಖದ ಮೇಲೆ ಟಿಕೆಟ್ ಮಾರುವ ಒತ್ತಡ ಸೋವಿಯತ್ ಪೋಸ್ಟರ್ ಕಲಾವಿದರ ಮೇಲೆ ಅಷ್ಟಾಗಿ ಇರಲಿಲ್ಲ. ಚಿತ್ರಮಂದಿರಗಳೂ ಸರಕಾರದವು, ಚಿತ್ರ ತೆಗೆದ ಸ್ಟುಡಿಯೋ ಕೂಡ ಸರಕಾರದ್ದೇ. ಏನು ಹೇಳಬಾರದೆಂಬ ಕಟ್ಟುಪಾಡು ಕಠಿಣವಾಗಿತ್ತು, ನಿಜ. ಆದರೆ ಹೇಗೆ ಬರೆಯಬೇಕೆಂಬ ವಿಷಯದಲ್ಲಿ, ವಿಶೇಷವಾಗಿ 1960ರ ದಶಕದ ನಂತರ, ಕಲಾವಿದನಿಗೆ ಸಾಕಷ್ಟು ಅವಕಾಶ ಉಳಿದಿತ್ತು. ಹೀಗಾಗಿ ಒಂದೇ ಚಿತ್ರಕ್ಕೆ ಬೇರೆ ಬೇರೆ ಕೈಗಳಿಂದ ಬಂದ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಪೋಸ್ಟರ್‌ಗಳು ಸಿಗುತ್ತವೆ. ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ: ಚಿತ್ರದ ಹೆಸರು ನೋಡಿ ಕೊಳ್ಳದೆ ಬರೆದ ರೀತಿ ನೋಡಿ ಕೊಳ್ಳಬಹುದು.

ಮೂಲಪ್ರತಿಯನ್ನು ಗುರುತಿಸಲು ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಕೆಳಗಿನ ಅಂಚನ್ನು. ಅಲ್ಲಿ ಇರುವೆಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಕಲಾವಿದನ ಹೆಸರು, ಸಂಪಾದಕನ ಹೆಸರು, ಅಚ್ಚಿಗೆ ಸಹಿಯಾದ ದಿನಾಂಕ, ಎಷ್ಟು ಪ್ರತಿ ಅಚ್ಚಾಯಿತು, ಮುದ್ರಣಾಲಯ ಯಾವುದು, ಎಷ್ಟು ಕೊಪೆಕ್ ಬೆಲೆ ಎಂಬ ವಿವರಗಳಿರುತ್ತವೆ. ಮಾಸ್ಕೋದಲ್ಲಿ ಅಚ್ಚಾದವುಗಳಲ್ಲಿ “ರೆಕ್ಲಾಮ್‌ಫಿಲ್ಮ್” ಎಂಬ ಸಂಸ್ಥೆಯ ಹೆಸರನ್ನು ಕಾಣಬಹುದು. ಒಕ್ಕೂಟದ ತುಂಬ ಚಿತ್ರಮಂದಿರಗಳಿಗೆ ಪೋಸ್ಟರ್ ಒದಗಿಸುತ್ತಿದ್ದದ್ದು ಅದು. ಸಂತೆಯಲ್ಲಿ ಸಿಗುವ ಹೆಚ್ಚಿನ ಜಾರ್ಜಿಯನ್ ಚಿತ್ರಗಳ ಪೋಸ್ಟರ್‌ಗಳು ರಷ್ಯನ್ ಅಕ್ಷರಗಳಲ್ಲಿರುವುದು ಇದೇ ಕಾರಣಕ್ಕೆ. ಎರಡನೆಯ ಪರೀಕ್ಷೆ ಭೂತಗನ್ನಡಿಯದು. ಅಸಲಿ ಪ್ರತಿಯ ಅಂಚಿನ ಕಪ್ಪು ಅಕ್ಷರಗಳು ಗಟ್ಟಿ ಶಾಯಿಯಿಂದ ತುಂಬಿದ್ದು ಅಂಚು ಚೂಪಾಗಿರುತ್ತದೆ. ಹಳೆಯ ಪೋಸ್ಟರನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರೆ ಆ ಅಕ್ಷರಗಳೂ ಚಿತ್ರದ ಹಾಗೆ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತವೆ. ಈ ಒಂದು ಪರೀಕ್ಷೆ ಹತ್ತರಲ್ಲಿ ಒಂಬತ್ತು ಸಂದೇಹಗಳನ್ನು ಪರಿಹರಿಸುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದರೂ ತಿಳಿಯುತ್ತದೆ: ಸೋವಿಯತ್ ಪೋಸ್ಟರ್ ಕಾಗದ ತೆಳು, ಒರಟು, ಅಂಚಿನಿಂದ ಒಳಕ್ಕೆ ಹಳದಿಯಾಗುತ್ತ ಬಂದಿರುತ್ತದೆ, ಹಿಂಬದಿಯಲ್ಲಿ ಚಿತ್ರದ ನೆರಳು ಮೂಡಿರುತ್ತದೆ. ಹಿಂಬದಿ ಹಾಲಿನಂತೆ ಬೆಳ್ಳಗಿದ್ದರೆ ಕೈ ಹಿಂದೆ ತೆಗೆಯುವುದು ಒಳ್ಳೆಯದು.

ನನ್ನ ಎರಡನೆಯ ಪೋಸ್ಟರ್ ಜಾರ್ಜಿಯನ್ ಅಕ್ಷರಗಳಲ್ಲಿದೆ, ಮತ್ತು ಮೂರರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ. 1970ರ ದಶಕದ ಒಂದು ಹಾಸ್ಯಚಿತ್ರದ್ದು. ನಮ್ಮವರು ಹೆಸರು ಕೇಳಿರುವ ಚಿತ್ರವಲ್ಲ. ಸಾಸಿವೆ ಹಳದಿಯ ಹಿನ್ನೆಲೆ, ಕಡ್ಡಿಯಂಥ ಒಬ್ಬ ಮನುಷ್ಯ, ಅವನಿಗಿಂತ ಎತ್ತರವಾದ ಮಣ್ಣಿನ ಮದ್ಯದ ಗಡಿಗೆ. ಅಷ್ಟೇ. ಉಳಿದ ಜಾಗವನ್ನೆಲ್ಲ ತುಂಬಿರುವುದು ಅಕ್ಷರಗಳು. “ದೊಡ್ಡಮ್ಮ, ಇದು ಕನ್ನಡದ ಥರಾನೇ ಇದೆಯಲ್ಲ” ಎಂದು ಹುಡುಗ ಮೊದಲ ವರ್ಷ ಅಲ್ಲಿಂದ ಫೋನಿನಲ್ಲಿ ಹೇಳಿದ್ದ. ಆಗ ನಾನು ನಂಬಿರಲಿಲ್ಲ. ಮ್ಖೆದ್ರುಲಿ ಎಂಬ ಈ ಲಿಪಿಯಲ್ಲಿ ಮೂವತ್ಮೂರು ಅಕ್ಷರಗಳು. ನಮ್ಮ ಲಿಪಿಯಂತೆಯೇ ಇದರಲ್ಲೂ ದೊಡ್ಡಕ್ಷರ ಸಣ್ಣಕ್ಷರವೆಂಬ ಭೇದವಿಲ್ಲ. ನೇರ ಗೆರೆಗಿಂತ ಕೊಂಡಿ, ಕುಣಿಕೆ, ಅರ್ಧವೃತ್ತಗಳೇ ಹೆಚ್ಚು. ಎರಡು ಲಿಪಿಗಳಿಗೂ ನಂಟೇನೂ ಇಲ್ಲ. ಆದರೂ ದುಂಡಕ್ಷರ ಬರೆದು ಬೆಳೆದ ಕಣ್ಣು ಆ ಸಾಲಿನ ಮೇಲೆ ಓದಲು ಹೊರಟು ತಡವರಿಸುತ್ತದೆ. ರಷ್ಯನ್ ಅಕ್ಷರಗಳ ಪೋಸ್ಟರ್‌ನಲ್ಲಿ ಹೆಸರು ಒಂದು ಪಟ್ಟಿಯಂತೆ ಕೆಳಗೆ ಕೂರುತ್ತದೆ. ಇಲ್ಲಿ ಬರೆದವರು ಒಂದು ಅಕ್ಷರದ ಬಾಲವನ್ನು ಎಳೆದು ಆ ಮನುಷ್ಯನ ಕಾಲಿಗೆ ಸುತ್ತಿದ್ದಾರೆ, ಇನ್ನೊಂದರ ಹೊಟ್ಟೆಯನ್ನು ಗಡಿಗೆಯ ಬಾಯಿಗೆ ಜೋಡಿಸಿದ್ದಾರೆ. ಅಕ್ಷರವೇ ಚಿತ್ರದ ಪಾತ್ರವಾಗಿರುವ ಇಂಥ ಕೆಲಸ ನೋಡುವಾಗ, ನಮ್ಮ ಹಳೆಯ ಕನ್ನಡ ಸಿನಿಮಾ ಶೀರ್ಷಿಕೆಗಳನ್ನು ಕೈಯಿಂದ ಬರೆಯುತ್ತಿದ್ದವರ ನೆನಪಾಗುತ್ತದೆ.

ಈ ಅಕ್ಷರಗಳಿಗೆ ಇನ್ನೊಂದು ತೂಕವೂ ಇದೆ. 1978ರ ಏಪ್ರಿಲ್ 14ರಂದು, ಗಣರಾಜ್ಯದ ಹೊಸ ಸಂವಿಧಾನದಿಂದ ಜಾರ್ಜಿಯನ್ ಭಾಷೆಯ ಅಧಿಕೃತ ಸ್ಥಾನವನ್ನು ತೆಗೆಯುವ ಪ್ರಯತ್ನದ ವಿರುದ್ಧ ಟಿಬಿಲಿಸಿಯ ಜನ, ಮುಖ್ಯವಾಗಿ ವಿದ್ಯಾರ್ಥಿಗಳು, ಬೀದಿಗಿಳಿದರು, ಸರಕಾರ ಮಣಿಯಿತು. ಸೋವಿಯತ್ ವ್ಯವಸ್ಥೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಜಾರ್ಜಿಯನ್ನರು ಆ ದಿನವನ್ನು ಇಂದಿಗೂ ತಮ್ಮ ಭಾಷೆಯ ದಿನವಾಗಿ ನೆನೆಯುತ್ತಾರೆ. ನಾಲ್ಕು ವರ್ಷಗಳ ನಂತರ ಗೋಕಾಕ್ ಚಳವಳಿಯನ್ನು ಕಂಡ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಂತೆಯ ಆ ಹಿರಿಯರು ಈ ಪೋಸ್ಟರಿಗೆ ನೂರ ಇಪ್ಪತ್ತು ಲಾರಿ ಹೇಳಿದರು, ರಷ್ಯನ್ ಅಕ್ಷರಗಳದ್ದಕ್ಕಿಂತ ಹೆಚ್ಚು; ಕಾರಣ ಕೇಳಿದಾಗ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಚೌಕಾಸಿ ಮಾಡಲಿಲ್ಲ. ಆಯ್ಕೆಯಿದ್ದಲ್ಲಿ ಜಾರ್ಜಿಯನ್ ಅಕ್ಷರಗಳ ಪ್ರತಿಯನ್ನೇ ಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ನೋಟದ ದೃಷ್ಟಿಯಿಂದಲೂ ಅದು ಮೇಲು, ಸಿಗುವುದೂ ಕಡಿಮೆ.

ಸೋವಿಯತ್ ಕಾಲದ ವಸ್ತುವನ್ನು ಮನೆಯಲ್ಲಿ ತೂಗುಹಾಕುವುದು ಸರಿಯೇ ಎಂದು ಒಬ್ಬ ಸ್ನೇಹಿತೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 1921ರ ಫೆಬ್ರುವರಿಯಲ್ಲಿ ಕೆಂಪು ಸೇನೆ ನುಗ್ಗಿ ಜಾರ್ಜಿಯಾದ ಸ್ವತಂತ್ರ ಗಣರಾಜ್ಯವನ್ನು ಮುಗಿಸಿತು. ಆ ಎಪ್ಪತ್ತು ವರ್ಷಗಳ ಆಕ್ರಮಣಕ್ಕೆ ಟಿಬಿಲಿಸಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಪ್ರತ್ಯೇಕ ವಿಭಾಗವೇ ಇದೆ, ಪೋಸ್ಟರ್ ಕೊಳ್ಳುವ ಮೊದಲು ಅದನ್ನು ನೋಡಬೇಕು. ನನ್ನ ಉತ್ತರ ಇಷ್ಟು: ಘೋಷಣಾಪತ್ರಗಳು ಬೇರೆ, ಸಿನಿಮಾ ಪೋಸ್ಟರ್‌ಗಳು ಬೇರೆ. ಜಾರ್ಜಿಯಾದ ನಿರ್ದೇಶಕರು ಆ ವ್ಯವಸ್ಥೆಯ ಒಳಗೇ ಇದ್ದು ಅದರೊಡನೆ ಗುದ್ದಾಡಿದವರು. ಕೋತೆ ಮಿಕಬೆರಿದ್ಜೆ 1929ರಲ್ಲಿ ಅಧಿಕಾರಶಾಹಿಯನ್ನು ಗೇಲಿ ಮಾಡಿ ತೆಗೆದ “ನನ್ನ ಅಜ್ಜಿ” ಚಿತ್ರ ಸುಮಾರು ಅರ್ಧ ಶತಮಾನ ನಿಷೇಧದಲ್ಲಿತ್ತು. ತೆಂಗಿಜ್ ಅಬುಲಾದ್ಜೆಯ “ಪಶ್ಚಾತ್ತಾಪ” 1984ರಲ್ಲೇ ಸಿದ್ಧವಾಗಿದ್ದರೂ ಜನರ ಮುಂದೆ ಬಂದದ್ದು 1987ರಲ್ಲಿ. ಅದೇ ವರ್ಷ ಕಾನ್ ಉತ್ಸವದಲ್ಲಿ ಅದಕ್ಕೆ ಗ್ರಾಂ ಪ್ರಿ ಪ್ರಶಸ್ತಿ ಬಂತು. ಒತಾರ್ ಇಯೊಸೆಲಿಯಾನಿ ಕೊನೆಗೆ ಫ್ರಾನ್ಸಿಗೆ ಹೋಗಿ ಕೆಲಸ ಮಾಡಬೇಕಾಯಿತು. ಇವರ ಚಿತ್ರಗಳ ಪೋಸ್ಟರ್ ತೂಗುಹಾಕುವುದು ಆ ಆಳ್ವಿಕೆಯನ್ನು ಕೊಂಡಾಡಿದಂತೆ ಅಲ್ಲ.

ಇನ್ನು 1920ರ ದಶಕ. ಪೋಸ್ಟರ್ ಕಲೆಯ ಇತಿಹಾಸ ಓದಿದವರೆಲ್ಲ ಮೊದಲು ಹುಡುಕುವುದು ಆ ಕಾಲದವುಗಳನ್ನೇ. ಮಾಸ್ಕೋದಲ್ಲಿ ವ್ಲದೀಮಿರ್ ಮತ್ತು ಗಿಯೊರ್ಗಿ ಸ್ಟೆನ್‌ಬರ್ಗ್ ಸಹೋದರರು, ಚಿತ್ರದ ಚೌಕಟ್ಟುಗಳನ್ನು ದೊಡ್ಡದಾಗಿ ಬಿಂಬಿಸಲು ತಾವೇ ಒಂದು ಯಂತ್ರ ಮಾಡಿಕೊಂಡು, ಆ ಬಿಂಬವನ್ನು ಓರೆಯಾಗಿಸಿ, ತಿರುಗಿಸಿ, ಕೈಯಿಂದ ಬರೆದು ಕಲ್ಲಚ್ಚಿಗೆ ಸಿದ್ಧಪಡಿಸುತ್ತಿದ್ದರು. ಫೋಟೊದಂತೆ ಕಾಣುವ ಅವರ ಮುಖಗಳು ಫೋಟೊಗಳಲ್ಲ, ಬರೆದವು. ಅವರ ಕೆಲಸವನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1997ರಲ್ಲಿ ದೊಡ್ಡ ಪ್ರದರ್ಶನವಾಗಿ ತೋರಿಸಿತು. ಅದೇ ಕಾಲದಲ್ಲಿ ಟಿಬಿಲಿಸಿಗೆ ತನ್ನದೇ ಒಂದು ಹೊಸಪಂಥವಿತ್ತು. ಇರಾಕ್ಲಿ ಗಮ್ರೆಕೆಲಿ 1924ರಲ್ಲಿ ಗಂಧಕಾಮ್ಲದ ರಾಸಾಯನಿಕ ಸೂತ್ರವನ್ನೇ ಹೆಸರಾಗಿಟ್ಟುಕೊಂಡ ಫ್ಯೂಚರಿಸ್ಟ್ (ಭವಿಷ್ಯವಾದಿ) ಪಂಥದ ಪತ್ರಿಕೆಯ ಪುಟಗಳನ್ನು ವಿನ್ಯಾಸ ಮಾಡಿದವರು. “ನನ್ನ ಅಜ್ಜಿ” ಚಿತ್ರದ ವಿಚಿತ್ರ ಸೆಟ್ಟುಗಳಲ್ಲೂ ಅವರ ಕೈಯಿದೆ. ನಿರ್ದೇಶಕ ಕಲಾತೊಜೊವ್ 1930ರಲ್ಲಿ ಸ್ವಾನೇತಿ ಎಂಬ ಬೆಟ್ಟಸೀಮೆಯ ಕಲ್ಲು ಗೋಪುರಗಳ ನಡುವೆ ತೆಗೆದ “ಸ್ವಾನೇತಿಗೆ ಉಪ್ಪು” ಚಿತ್ರದ ಕಲಾ ನಿರ್ದೇಶನದಲ್ಲಿ ಚಿತ್ರಕಾರ ದವಿತ್ ಕಕಬಾದ್ಜೆ ಇದ್ದರು. ಚಿತ್ರಕಲೆ, ರಂಗಭೂಮಿ, ಸಿನಿಮಾ ಮೂರೂ ಒಂದೇ ಮನೆಯ ಕೋಣೆಗಳಂತಿದ್ದ ಕಾಲ ಅದು.

ಆ ಕಾಲದ ಮೂಲಪ್ರತಿಗಳು ಸಂತೆಯಲ್ಲಿ ಸಿಗುವುದಿಲ್ಲ. ಗೋಡೆಗೆ ಅಂಟಿಸಿದ್ದು ಮಳೆಯಲ್ಲಿ ಹೋಯಿತು, ಉಳಿದದ್ದು ಸಂಗ್ರಹಾಲಯ ಸೇರಿತು, ಅಪರೂಪಕ್ಕೆ ಹರಾಜಿಗೆ ಬಂದರೆ ಬೆಲೆ ಲಕ್ಷಗಳಲ್ಲಿರುತ್ತದೆ. ಇದು ಗೊತ್ತಿದ್ದೂ ನಾನು ಒಮ್ಮೆ ಮೋಸಹೋದೆ. ಊರಿಗೆ ಮರಳಿದ ಮೇಲೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ 1920ರ ದಶಕದ ಜಾರ್ಜಿಯನ್ ಮೂಕಿಚಿತ್ರವೊಂದರ ಪೋಸ್ಟರನ್ನು “ಹಳೆಯ ದಾಸ್ತಾನು” ಎಂಬ ವಿವರಣೆಯೊಡನೆ ಮಾರುತ್ತಿದ್ದ. ತೋರಿಸಿದ ಫೋಟೊದಲ್ಲಿ ಮಡಿಕೆಯ ಗುರುತುಗಳೂ ಇದ್ದವು. ಬಂದದ್ದನ್ನು ಬಿಡಿಸಿದಾಗ ಮಡಿಕೆಯ ಗುರುತುಗಳೂ ಅಚ್ಚಾಗಿದ್ದವು. ಬೆರಳಿಟ್ಟರೆ ಕಾಗದ ನುಣುಪು. ಕೆಂಪು ಬಣ್ಣ ಕಿತ್ತಳೆಗೆ ತಿರುಗಿತ್ತು, ಕಪ್ಪು ಹಸಿರುಗಟ್ಟಿತ್ತು, ಅಂಚಿನ ಅಕ್ಷರಗಳು ಓದಲಾರದಷ್ಟು ಕಲಸಿಹೋಗಿದ್ದವು. ಹಣ ವಾಪಸು ಬರಲಿಲ್ಲ. ನನಗೆ ಹೆಚ್ಚು ನೋವಾದದ್ದು ಹಣಕ್ಕಲ್ಲ. ಮೂಲ ಕಲಾವಿದ ಅಳೆದು ಸುರಿದ ಮೂರೇ ಮೂರು ಬಣ್ಣಗಳನ್ನು ಇಷ್ಟು ಅಸಡ್ಡೆಯಿಂದ ಹಾಳುಮಾಡಿದ್ದಕ್ಕೆ.

ಅದರ ಬದಲಿಗೆ ಈಗ ಮೆಟ್ಟಿಲ ತಿರುವಿನಲ್ಲಿರುವುದು, ಹುಡುಗ ಮುಂದಿನ ರಜೆಯಲ್ಲಿ ಟಿಬಿಲಿಸಿಯಿಂದ ತಂದುಕೊಟ್ಟ ಮರುಮುದ್ರಣ. ಅದು ಮರುಮುದ್ರಣವೆಂದು ಅಂಚಿನಲ್ಲೇ ಸ್ಪಷ್ಟವಾಗಿ ಅಚ್ಚಾಗಿದೆ. ದಪ್ಪ ಹೊಳಪಿಲ್ಲದ ಕಾಗದ, ಕಪ್ಪು ಕಾಡಿಗೆಯಂತೆ ಕಪ್ಪು, ಕೆಂಪು ಇಟ್ಟಿಗೆಯ ಕೆಂಪು. ದೊಡ್ಡ ಬಣ್ಣದ ಹರವು, ಚೂಪು ಕೋನ, ಓರೆ ಅಕ್ಷರಗಳಿರುವ ಈ ಶೈಲಿ ಮರುಮುದ್ರಣದಲ್ಲಿ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. 1960ರ ದಶಕದ ಕುಂಚದ ಕೆಲಸಕ್ಕೆ ಇದೇ ಮಾತು ಹೇಳಲಾಗದು. ಅಲ್ಲಿ ಕಾಗದದ ಒರಟುತನ, ಶಾಯಿ ಇಂಗಿದ ರೀತಿ ಎಲ್ಲವೂ ನೋಟದ ಭಾಗ. ಒಂದಕ್ಕೆ ಮೂಲಪ್ರತಿ, ಇನ್ನೊಂದಕ್ಕೆ ಮರುಮುದ್ರಣ ಎಂದು ಆರಂಭದಲ್ಲಿ ಹೇಳಿದ್ದರ ಕಾರಣ ಇದು.

ಕುಂದುಗಳನ್ನೂ ಹೇಳಬೇಕು. ಮೂಲಪ್ರತಿಗಳು ಅಗ್ಗದ ಕಾಗದದ ಮೇಲೆ ಕೆಲವೇ ವಾರಗಳ ಬಾಳಿಕೆಗೆಂದು ಅಚ್ಚಾದವು. ಕಾಗದದಲ್ಲಿರುವ ಆಮ್ಲ ಅದನ್ನು ಒಳಗಿನಿಂದಲೇ ಸುಡುತ್ತಿರುತ್ತದೆ. ಮಡಿಕೆಯ ಜಾಗದಲ್ಲಿ ಹಪ್ಪಳದಂತೆ ಮುರಿಯುತ್ತದೆ. “ಸೈನಿಕನ ತಂದೆ”ಯ ಎಡ ಮೂಲೆಯಲ್ಲಿ ಗುಂಡುಸೂಜಿಯ ತುಕ್ಕು ಹಿಡಿದ ತೂತುಗಳಿವೆ, ಹಣೆಯ ಮೇಲೆ ಮಡಿಕೆಯ ಬಿಳಿ ಗೆರೆ ಇದೆ. ಹಳೆಯ ಕಾಗದದ ವಾಸನೆ ಹೋಗಲು ತಿಂಗಳುಗಟ್ಟಲೆ ಬೇಕಾಯಿತು. ಅಳತೆಗಳೂ ಒಂದೇ ತೆರನಾಗಿಲ್ಲ: ಸುಮಾರು 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಆಸುಪಾಸಿನವು ಹೆಚ್ಚು ಸಿಗುತ್ತವೆ, ಅದರ ಅರ್ಧದಷ್ಟಿನವೂ ಇವೆ, ಎರಡರಷ್ಟಿನವೂ ಇವೆ. ಸಿದ್ಧ ಫ್ರೇಮುಗಳಲ್ಲಿ ಯಾವುದೂ ಸರಿಯಾಗಿ ಕೂರುವುದಿಲ್ಲ. ಎಲ್ಲವೂ ಹೊಸದರಂತೆ ಫಳಫಳಿಸಬೇಕೆನ್ನುವವರಿಗೆ ಇವು ಹೇಳಿದ್ದಲ್ಲ. ಚಿಕ್ಕ ಕೋಣೆಯಲ್ಲಿ, ಸೋಫಾದ ನೆತ್ತಿಯ ಮೇಲೆ ಹಾಕಿದರೂ ಇವು ಸೊರಗುತ್ತವೆ. ಎದುರಿಗೆ ಕನಿಷ್ಠ ಹತ್ತಡಿ ಖಾಲಿ ಜಾಗ ಇರಬೇಕು, ಅಕ್ಕಪಕ್ಕ ಬೇರೆ ಪಟಗಳಿರಬಾರದು, ಗೋಡೆ ಸುಣ್ಣದ ಬಿಳುಪಿನದೋ ಮಣ್ಣಿನ ಬಣ್ಣದ್ದೋ ಆಗಿದ್ದರೆ ಒಳ್ಳೆಯದು.

ಫ್ರೇಮ್ ಹಾಕಿಸುವ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡದಿರಲಿ. ಮೊದಲ ಪೋಸ್ಟರನ್ನು ಒಂದು ಫೋಟೊ ಫ್ರೇಮ್ ಅಂಗಡಿಗೆ ಕೊಟ್ಟು, ಅಳತೆ ಹೇಳಿ ಬಂದುಬಿಟ್ಟೆ. ಅವರು ತಮ್ಮ ವಾಡಿಕೆಯಂತೆ ಅದನ್ನು ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿ, ಮೇಲೆ ಗಾಜನ್ನು ಒತ್ತಿ ಕೂರಿಸಿಕೊಟ್ಟರು. ಜುಲೈ ತಿಂಗಳಿಗೆ ಹಲಗೆ ತೇವ ಹೀರಿ ಉಬ್ಬಿತು, ಕಾಗದ ಅಲೆಅಲೆಯಾಯಿತು, ಗಾಜಿಗೆ ತಾಗಿದ ಒಂದು ಮೂಲೆಯಲ್ಲಿ ಶಾಯಿ ಗಾಜಿಗೇ ಹತ್ತಿಕೊಂಡಿತು. ಕಾಗದ ಸಂರಕ್ಷಣೆ ಬಲ್ಲವರೊಬ್ಬರು ಅದನ್ನು ಹಲಗೆಯಿಂದ ಬಿಡಿಸಲು ಮೂರು ವಾರ ತೆಗೆದುಕೊಂಡರು; ಆ ಖರ್ಚು ಪೋಸ್ಟರಿನ ಬೆಲೆಯ ಎರಡರಷ್ಟಾಯಿತು. ಅವರು ಹೇಳಿಕೊಟ್ಟ ಕ್ರಮವನ್ನೇ ಈಗ ಮೂರಕ್ಕೂ ಅನುಸರಿಸಿದ್ದೇವೆ. ಪೋಸ್ಟರನ್ನು ಹಲಗೆಗೆ ಅಂಟಿಸುವುದಿಲ್ಲ. ಮೇಲಂಚಿನಲ್ಲಿ ಮಾತ್ರ ತೆಳು ಜಪಾನಿ ಕಾಗದದ ಎರಡು ಪಟ್ಟಿಗಳನ್ನು ಗೋಧಿಯ ಪಿಷ್ಟದ ಅಂಟಿನಿಂದ ಹಚ್ಚಿ, ಆಮ್ಲರಹಿತ ಮೌಂಟ್ ಬೋರ್ಡಿಗೆ ತೂಗುಬಿಟ್ಟಿದ್ದಾರೆ, ಹೀಗಾಗಿ ಹವೆಗೆ ತಕ್ಕಂತೆ ಕಾಗದ ಹಿಗ್ಗಲು ಕುಗ್ಗಲು ಎಡೆಯಿದೆ. ಆ ಅಂಟು ನೀರು ಸವರಿದರೆ ಬಿಡುತ್ತದೆ. ನಮ್ಮಲ್ಲಿ ವಾಲ್‌ಪೋಸ್ಟರ್ ಅಂಟಿಸಲು ಮೈದಾ ಸರಿ ಬಳಸುತ್ತಿದ್ದದ್ದು ಇದಕ್ಕೆ ದೂರದ ನೆಂಟ. ಆದರೆ ಹುಳ ಹಿಡಿಯುವ ಆ ಮೈದಾ ಇಲ್ಲಿಗೆ ಸಲ್ಲದು. ಗಾಜಿಗೂ ಪೋಸ್ಟರಿಗೂ ನಡುವೆ ಮೂರು ಮಿಲಿಮೀಟರಿನಷ್ಟು ಅಂತರವಿರುವಂತೆ ಒಳಪಟ್ಟಿ ಕೊಟ್ಟಿದ್ದಾರೆ. ಡಬಲ್ ಟೇಪ್, ಸೆಲ್ಲೋ ಟೇಪ್ ಎರಡನ್ನೂ ಹತ್ತಿರ ಬಿಡಬಾರದು. ಲ್ಯಾಮಿನೇಷನ್ ಮಾಡಿಸಿದರೆ ಮೂಲಪ್ರತಿ ಅಲ್ಲಿಗೆ ಮುಗಿಯಿತು.

ಬಿಸಿಲಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ: ನೇರ ಬಿಸಿಲು ಬೀಳುವ ಗೋಡೆ ಬೇಡ, ಹೊರಗೋಡೆಯ ಒಳಮೈಯೂ ಬೇಡ, ಏಕೆಂದರೆ ಮಳೆಗಾಲದಲ್ಲಿ ಮೊದಲು ತೇವವಾಗುವುದು ಅದೇ. ಕರಾವಳಿ ಮತ್ತು ಮಲೆನಾಡಿನವರು ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ತುಂಡುಗಳನ್ನು ಅಂಟಿಸಿ ಗೋಡೆಯಿಂದ ಅರ್ಧ ಅಂಗುಲ ದೂರವಿಟ್ಟರೆ ಬೂಷ್ಟು ಹಿಡಿಯುವುದು ಬಹಳ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಇಳಿಸಿ ಹಿಂಬದಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ತರುವ ಬಗ್ಗೆ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಅಥವಾ ಗಟ್ಟಿ ರಟ್ಟಿನ ಕೊಳವೆಯನ್ನು ಇಲ್ಲಿಂದಲೇ ಒಯ್ಯಬೇಕು. ಸಂತೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ, ಅದು ಕಾಗದವನ್ನು ಕೊಯ್ಯುತ್ತದೆ. ಹಳೆಯ ಕಲಾವಸ್ತುಗಳನ್ನು ಜಾರ್ಜಿಯಾದಿಂದ ಹೊರಕ್ಕೆ ಒಯ್ಯಲು ಅಲ್ಲಿನ ಸರಕಾರದ ಅನುಮತಿ ಪತ್ರ ಬೇಕಾಗುವ ಸಂದರ್ಭಗಳಿವೆ. ವರ್ಣಚಿತ್ರ ಅಥವಾ ತೀರ ಹಳೆಯ ಮುದ್ರಣ ಕೊಳ್ಳುವವರು ಹಣ ಕೊಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಬೇಕು.

ಕೊಳ್ಳದೆ ಬಂದದ್ದೊಂದು ಇನ್ನೂ ಮನಸ್ಸಿನಲ್ಲಿದೆ. ಗಿಯೊರ್ಗಿ ಶೆಂಗೆಲಾಯಾ 1969ರಲ್ಲಿ ತೆಗೆದ “ಪಿರೊಸ್ಮಾನಿ” ಚಿತ್ರದ ಪೋಸ್ಟರ್. ನಿಕೊ ಪಿರೊಸ್ಮಾನಿ ಟಿಬಿಲಿಸಿಯ ಮದ್ಯದಂಗಡಿಗಳಿಗೆ ಬೋರ್ಡು ಬರೆದು, ಕಪ್ಪು ಮೇಣಬಟ್ಟೆಯ ಮೇಲೆ ಜಿಂಕೆ, ಔತಣ, ಮೀನುಗಾರರ ಚಿತ್ರಗಳನ್ನು ಬರೆದು, 1918ರಲ್ಲಿ ಬಡತನದಲ್ಲೇ ತೀರಿಕೊಂಡ ಚಿತ್ರಕಾರ. ಅವರ ಪಾತ್ರ ಮಾಡಿದ ಅವ್ತಾಂದಿಲ್ ವರಾಜಿ ಕೂಡ ಚಿತ್ರಕಾರರೇ. ಬೋರ್ಡು ಬರೆಯುವವನ ಬದುಕಿನ ಸಿನಿಮಾಕ್ಕೆ ಬರೆದ ಬೋರ್ಡು ಎಂಬ ಕಾರಣಕ್ಕೇ ಅದು ನನಗೆ ಬೇಕಾಗಿತ್ತು. ಸಂತೆಯ ಆ ಹಿರಿಯರ ಬಳಿ ಇದ್ದ ಪ್ರತಿಗೆ ಮಧ್ಯದಲ್ಲಿ ಅಂಗೈಯಗಲದ ತೂತಿತ್ತು, ಬೆಲೆ ಇನ್ನೂರೈವತ್ತು ಲಾರಿ. ತೂತಿನ ನೆಪ ಹೇಳಿ ಬಿಟ್ಟುಬಂದೆ. ಮಾರನೆಯ ದಿನ ರುಸ್ತವೇಲಿ ಬೀದಿಯ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಪಿರೊಸ್ಮಾನಿಯ ಮೂಲಚಿತ್ರಗಳನ್ನು ನೋಡಿ, ಸಂಜೆ ಓಡಿಹೋದಾಗ ಆ ಜಾಗದಲ್ಲಿ ಬೇರೆ ಯಾರೋ ಲೋಟ ತಟ್ಟೆಗಳನ್ನು ಹರಡಿಕೊಂಡು ಕೂತಿದ್ದರು. ಡಿಸೆಂಬರಿನ ರಜೆಗೆ ಹುಡುಗ ಬರುತ್ತಾನೆ. ಅಕ್ಷರ ಜಾರ್ಜಿಯನ್ ಇರಲಿ, ತೂತಿದ್ದರೂ ಇರಲಿ, ಅಂಚು ಮಾತ್ರ ಕತ್ತರಿಸಿರಬಾರದು ಎಂದು ಅವನಿಗೆ ಹೇಳಿದ್ದೇನೆ.